ಮನೆಯಲ್ಲಿ ಬಾಳಿ ಹೋದ ನಾಯಿಗಳ ನೆನಪನ್ನು ಕಟ್ಟಿಡುವ ಬಗೆ: ಹೆಸರಿನಿಂದ ಕಲ್ಲಿನವರೆಗೆ

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಶಕ 872ರಲ್ಲಿ, ಅಂದರೆ ಕ್ರಿ.ಶ. 949–50ರ ಸುಮಾರಿಗೆ, ಒಂದು ನಾಯಿಗಾಗಿ ಕಲ್ಲು ನಿಲ್ಲಿಸಿದರು. ನಾಯಿಯ ಹೆಸರು ಕಾಳಿ. ರಾಷ್ಟ್ರಕೂಟರು ಚೋಳರೊಡನೆ ಕಾದಿದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನು ತನ್ನ ಒಡೆಯನಿಂದ ಬೇಡಿ ಪಡೆದದ್ದು ಈ ನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ-ಹಂದಿಯ ಕಾದಾಟವನ್ನು ಅದರಲ್ಲಿ ಕೆತ್ತಿದ್ದಾರೆ.

ಮನೆಯ ಹಳೆಯ ನಾಯಿಗಳ ನೆನಪನ್ನು ಉಳಿಸಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಆ ಕಲ್ಲಿನ ಶಾಸನದಲ್ಲಿ ನಾಯಿಯ ಬಗ್ಗೆ ನಾಲ್ಕು ಸಂಗತಿಗಳಿವೆ: ನಾಯಿಯ ಹೆಸರು, ಅದು ಯಾರಿಂದ ಬಂತು, ಅದಕ್ಕೆ ಏನಾಯಿತು, ಇನ್ನು ಮುಂದೆ ಈ ಕಲ್ಲನ್ನು ನೋಡಿಕೊಳ್ಳುವವರು ಯಾರು. ಹೊಗಳಿಕೆಯ ಮಾತು ಕಡಿಮೆ, ವಿವರ ಹೆಚ್ಚು. ನಿಮ್ಮ ಮನೆಯ ಟೈಗರ್‌ಗೂ ಕರಿಯನಿಗೂ ಜೂಲಿಗೂ ಇದೇ ನಾಲ್ಕನ್ನು ಹುಡುಕಿ ಬರೆದಿಟ್ಟರೆ ಸಾಕು. "ತುಂಬಾ ಪ್ರೀತಿಯ ನಾಯಿ, ಬಹಳ ನಿಯತ್ತು" ಎಂದಷ್ಟೇ ಬರೆದರೆ ಇಪ್ಪತ್ತು ವರ್ಷದ ಮೇಲೆ ಓದುವ ಮೊಮ್ಮಗುವಿಗೆ ಯಾವ ನಾಯಿಯೂ ಕಣ್ಣಿಗೆ ಕಟ್ಟುವುದಿಲ್ಲ. ಬಲಗಿವಿ ಮಡಚಿಕೊಂಡಿತ್ತು, ಮುದ್ದೆಯನ್ನು ಮೊಸರಿಲ್ಲದೆ ಮುಟ್ಟುತ್ತಿರಲಿಲ್ಲ ಎಂದು ಬರೆದರೆ ಕಟ್ಟುತ್ತದೆ.

ಮೊದಲು ಒಂದು ಪಟ್ಟಿ

200 ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ತೆಗೆದುಕೊಳ್ಳಿ. ಒಂದೊಂದು ನಾಯಿಗೂ ಎದುರುಬದುರಾದ ನಾಲ್ಕು ಪುಟ ಬಿಡಿ. ಎಡಗಡೆ ಖಚಿತವಾದದ್ದು ಮಾತ್ರ. ಬಲಗಡೆ ಯಾರು ಏನು ಹೇಳಿದರು, ಯಾವತ್ತು ಹೇಳಿದರು ಎಂಬುದು. ಗುಮಾನಿ ಇರುವುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಮೊದಲ ದಿನವೇ ಕಂಪ್ಯೂಟರ್ ಮುಂದೆ ಕೂರುವುದು ಬೇಡ. ಹಜಾರದಲ್ಲಿ ನೋಟ್‌ಬುಕ್ ತೆರೆದು ಇಟ್ಟರೆ ಬಂದುಹೋಗುವವರು ತಾವಾಗಿ ಒಂದೊಂದು ಸೇರಿಸುತ್ತಾರೆ, ಪರದೆಯ ಮೇಲೆ ಇದ್ದರೆ ಸೇರಿಸುವುದಿಲ್ಲ.

ಹೆಸರಿನಲ್ಲೇ ಮೊದಲ ತೊಡಕು. ನಮ್ಮ ಕಡೆ ಒಂದು ನಾಯಿ ಹೋದ ಮೇಲೆ ಬಂದ ಮರಿಗೂ ಅದೇ ಹೆಸರಿಡುವುದು ಬಹಳ ಮನೆಗಳ ರೂಢಿ. ಒಂದೇ ಮನೆಯಲ್ಲಿ ಮೂರು ಟೈಗರ್‌ಗಳು ಆಗಿಹೋಗಿರುತ್ತವೆ, ನೆನಪಿನಲ್ಲಿ ಮೂರೂ ಬೆಸೆದು ಒಂದೇ ಆಗಿರುತ್ತದೆ. ಪರೀಕ್ಷಿಸುವ ದಾರಿ ಸುಲಭ. ನಾಯಿ ಸಾಮಾನ್ಯವಾಗಿ 10ರಿಂದ 14 ವರ್ಷ ಬದುಕುತ್ತದೆ, ಬೀದಿಯಲ್ಲೂ ಹೊಲದಲ್ಲೂ ತಿರುಗಾಡುವುದು ಇನ್ನೂ ಕಡಿಮೆ. ಅಕ್ಕನ ನಾಮಕರಣದಲ್ಲೂ ಅದೇ ಅಕ್ಕನ ಮದುವೆಯಲ್ಲೂ ಟೈಗರ್ ಇದ್ದ ಎಂದು ಯಾರಾದರೂ ಹೇಳಿದರೆ ಅಲ್ಲಿರುವುದು ಎರಡು ನಾಯಿ. "ಮೊದಲನೇ ಟೈಗರ್", "ಎರಡನೇ ಟೈಗರ್" ಎಂದು ಅವತ್ತೇ ಬೇರ್ಪಡಿಸಿ. ಮುಂದೆ ಫೋಟೊಗಳು ಬಂದಾಗ ಈ ಗೊಂದಲ ಬಿಡಿಸುವುದು ಹತ್ತು ಪಾಲು ಕಷ್ಟ.

ಬಣ್ಣ, ಗುರುತು ಬರೆಯುವಾಗ ಮನೆಯವರ ಮಾತನ್ನೇ ಬಳಸಿ: ಕೆಂಚು, ಹುಲಿಪಟ್ಟೆ, ಎದೆ ಮೇಲೆ ಬಿಳಿ ಮಚ್ಚೆ, ಕಣ್ಣಿನ ಮೇಲೆ ಎರಡು ಚುಕ್ಕಿ. ತಳಿಯ ವಿಷಯದಲ್ಲಿ ಮಾತ್ರ ಹುಷಾರು. ಕಿವಿ ನಿಮಿರಿದ್ದ ದೊಡ್ಡ ನಾಯಿಯೆಲ್ಲ "ಅಲ್ಸೇಷನ್", ಬೆಳ್ಳಗೆ ಕೂದಲು ಹೆಚ್ಚಿದ್ದ ಪುಟ್ಟ ನಾಯಿಯೆಲ್ಲ "ಪಮೇರಿಯನ್" ಎಂದೇ ಆ ಕಾಲದ ಲೆಕ್ಕ. "ಅಲ್ಸೇಷನ್ ಎನ್ನುತ್ತಿದ್ದರು" ಎಂದು ಬರೆದರೆ ಸುಳ್ಳಾಗುವುದಿಲ್ಲ. ಊರುನಾಯಿಯಾಗಿದ್ದರೆ ಊರುನಾಯಿ ಎಂದೇ ಬರೆಯಿರಿ, ಅದಕ್ಕೆ ದೊಡ್ಡಸ್ತಿಕೆಯ ತಳಿ ಹಚ್ಚುವ ಅಗತ್ಯವಿಲ್ಲ.

ಹಿರಿಯರನ್ನು ಕೇಳುವುದು

ಇಡೀ ಕೆಲಸದಲ್ಲಿ ತಡಮಾಡಬಾರದ ಹೆಜ್ಜೆ ಇದೊಂದೇ. ಫೋಟೊ ಇನ್ನೂ ಐದು ವರ್ಷ ಪೆಟ್ಟಿಗೆಯಲ್ಲಿ ಉಳಿದೀತು, ಎಂಬತ್ತೈದು ದಾಟಿದ ಅಜ್ಜಿಯ ನೆನಪಿಗೆ ಆ ಭರವಸೆ ಇಲ್ಲ.

ಮನೆಯ ಯಜಮಾನರಿಂದ ಶುರು ಮಾಡುವುದು ಸಾಮಾನ್ಯ ತಪ್ಪು. ನಾಯಿಯ ವಿಷಯ ಚೆನ್ನಾಗಿ ಗೊತ್ತಿರುವುದು ಅದಕ್ಕೆ ದಿನಾ ಅನ್ನ ಹಾಕುತ್ತಿದ್ದವರಿಗೆ. ಅಜ್ಜಿಯೋ, ಸೊಸೆಯೋ, ಕೊಟ್ಟಿಗೆ ಕೆಲಸದವರೋ, ಗದ್ದೆಗೆ ನೀರು ಕಟ್ಟಲು ರಾತ್ರಿ ಹೋಗುವಾಗ ನಾಯಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದವರೋ ಇರಬಹುದು. ಆಲೆಮನೆ ನಡೆಸುತ್ತಿದ್ದ ಮನೆಯಾದರೆ ಅಲ್ಲಿ ರಾತ್ರಿ ಮಲಗುತ್ತಿದ್ದವರನ್ನೂ ಹುಡುಕಿ. ಆಗ ಎಂಟು-ಹತ್ತು ವರ್ಷದವರಾಗಿದ್ದ ಪಕ್ಕದ ಮನೆಯ ಮಕ್ಕಳನ್ನು, ಈಗ ಅವರಿಗೇ ಐವತ್ತಾಗಿದ್ದರೂ, ಮರೆಯಬೇಡಿ.

"ಯಾವ ಇಸವಿ?" ಎಂದು ಕೇಳಬೇಡಿ. ಉತ್ತರ ಬರುವುದಿಲ್ಲ, ಬಂದರೆ ತಪ್ಪಾಗಿರುತ್ತದೆ, ಹೇಳುವವರಿಗೂ ಪರೀಕ್ಷೆಗೆ ಕೂತಂತಾಗುತ್ತದೆ. ಮನೆಯ ಘಟನೆಗೆ ಕಟ್ಟಿ ಕೇಳಿ:

"ಅಜ್ಜಿ, ಕರಿಯನ್ನ ತಂದಾಗ ಮನೇಲಿ ಯಾವ ಹಸ ಕರೀತಿತ್ತು?"
"ದೊಡ್ಡಪ್ಪ, ಸೂರಿನ ಹೆಂಚು ತೆಗೆದು ಆರ್‌ಸಿಸಿ ಹಾಕ್ಸುವಾಗ ಜೂಲಿ ಇತ್ತಾ?"
"ಅತ್ತೆ, ನೀವು ಮದುವೆಯಾಗಿ ಈ ಮನೆಗೆ ಬಂದಾಗ ಬಾಗಿಲಲ್ಲಿ ಬೊಗಳಿದ್ದು ಯಾವ ನಾಯಿ?"

ಮನೆಯ ಘಟನೆ ಸಿಗದಿದ್ದರೆ ಎಲ್ಲರಿಗೂ ನೆನಪಿರುವ ದಿನಗಳಿವೆ. ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತ ಸೂರ್ಯಗ್ರಹಣ (16 ಫೆಬ್ರವರಿ 1980), ಇಂದಿರಾ ಗಾಂಧಿ ತೀರಿಕೊಂಡ ದಿನ (31 ಅಕ್ಟೋಬರ್ 1984), ಕಾವೇರಿ ಗಲಾಟೆ (ಡಿಸೆಂಬರ್ 1991), ರಾಜ್‌ಕುಮಾರ್ ಅಪಹರಣ (30 ಜುಲೈ 2000). "ಗ್ರಹಣದ ದಿನ ನಾಯಿನ ಎಲ್ಲಿ ಕಟ್ಟಿದ್ರಿ?" ಎಂಬ ಪ್ರಶ್ನೆಗೆ ನಾಯಿಯ ಜೊತೆ ಆ ಇಡೀ ದಿನವೇ ಎದ್ದು ಬರುತ್ತದೆ.

ಕೇಳಬೇಕಾದ ಸಣ್ಣ ವಿಷಯಗಳು: ಎಲ್ಲಿ ಮಲಗುತ್ತಿತ್ತು (ಜಗುಲಿ, ಕೊಟ್ಟಿಗೆ, ಒಲೆಯ ಬೂದಿ), ಯಾವ ತಟ್ಟೆಯಲ್ಲಿ ತಿನ್ನುತ್ತಿತ್ತು, ಯಾರನ್ನು ಕಂಡರೆ ಆಗುತ್ತಿರಲಿಲ್ಲ, ಪಟಾಕಿಗೆ ಎಲ್ಲಿ ಅಡಗುತ್ತಿತ್ತು, ಯಾರ ಸೈಕಲ್ ಸದ್ದಿಗೆ ಗೇಟಿಗೆ ಓಡುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಕರೆಯುತ್ತಿದ್ದ ಸದ್ದು. ಕುರೋ ಕುರೋ ಎಂದೋ, ತೋ ತೋ ಎಂದೋ, ನಾಲಗೆ ಲೊಟಗುಟ್ಟಿಸಿಯೋ ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ಇದನ್ನು ಅಕ್ಷರದಲ್ಲಿ ಬರೆದರೆ ಸಾಲದು. "ಒಂದ್ಸಲ ಕರೆದು ತೋರ್ಸಿ" ಎಂದು ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಆ ಹತ್ತು ಸೆಕೆಂಡಿನ ಕೂಗಿನಷ್ಟು ಬೆಲೆ ಬೇರೆ ಯಾವ ದಾಖಲೆಗೂ ಇಲ್ಲ.

ರೆಕಾರ್ಡಿಂಗ್‌ಗೆ ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಹೇಳುವವರ ಬಾಯಿಂದ 30 ಸೆಂ.ಮೀ. ದೂರದಲ್ಲಿ ಮಡಚಿದ ಟವೆಲ್ ಮೇಲಿಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಬರುತ್ತದೆ. ಫ್ಯಾನ್ ಆರಿಸಿ. ಶುರುವಿನಲ್ಲೇ ತಾರೀಕು, ಊರು, ಹೇಳುತ್ತಿರುವವರ ಹೆಸರು ಹೇಳಿಬಿಡಿ. ಒಂದು ಸಲಕ್ಕೆ 40 ನಿಮಿಷಕ್ಕಿಂತ ಹೆಚ್ಚು ಬೇಡ. ಮಾರನೇ ದಿನ ಮತ್ತೆ ಹೋಗಿ, ರಾತ್ರಿ ಮಲಗಿದಾಗ ನೆನಪಾದದ್ದು ಆಗ ಸಿಗುತ್ತದೆ.

ಸಾವನ್ನು ಕೊನೆಗೆ ಕೇಳಿ, ಅವರೇ ಎತ್ತಿದರೆ ಮಾತ್ರ ಮುಂದುವರಿಸಿ. ವಿಷ ಹಾಕಿದ್ದು, ಲಾರಿಗೆ ಸಿಕ್ಕಿದ್ದು, ಮನೆ ಬದಲಿಸುವಾಗ ಬಿಟ್ಟುಬಂದದ್ದು, ಇಂಥವು ನಲವತ್ತು ವರ್ಷವಾದರೂ ಮಾಯದ ಗಾಯಗಳು. "ತೋಟಕ್ಕೆ ಕಳಿಸಿದ್ವಿ" ಎಂದು ಮಕ್ಕಳಿಗೆ ಹೇಳಿದ್ದರ ಹಿಂದಿನ ನಿಜ ಈಗ ಹೊರಬರಬಹುದು. ಅದನ್ನು ಪುಸ್ತಕದಲ್ಲಿ ಬರೆಯಬಹುದೇ ಎಂದು ಹೇಳಿದವರನ್ನೇ ಕೇಳಿ. ಬೇಡ ಎಂದರೆ ಬೇಡ. ಅಣ್ಣ-ತಮ್ಮಂದಿರ ಮಾತು ಒಂದಕ್ಕೊಂದು ಹೊಂದದಿದ್ದರೆ ತೀರ್ಪು ಕೊಡಲು ಹೋಗದೆ ಎರಡನ್ನೂ ಹೆಸರು ಸಮೇತ ಬಲಪುಟದಲ್ಲಿ ಬರೆಯಿರಿ.

ಫೋಟೊಗಳ ಅಂಚಿನಲ್ಲಿ ಹುಡುಕಿ

ಹಳೆಯ ಕಾಲದಲ್ಲಿ ನಾಯಿಯ ಫೋಟೊ ಎಂದು ಯಾರೂ ತೆಗೆಸುತ್ತಿರಲಿಲ್ಲ. ಅದಕ್ಕೇ ನಾಯಿ ಸಿಗುವುದು ಬೇರೆಯವರ ಫೋಟೊದಲ್ಲಿ: ನಾಮಕರಣದ ಗುಂಪಿನ ಕಾಲಬಳಿ, ಹೊಸ ಸ್ಕೂಟರಿನ ಪೂಜೆಯ ಹಿಂದೆ, ತುಳಸಿಕಟ್ಟೆಯ ನೆರಳಲ್ಲಿ. ಭೂತಗನ್ನಡಿ ಹಿಡಿದು ಪ್ರತಿ ಫೋಟೊದ ಕೆಳಗಿನ ಮೂರನೇ ಒಂದು ಭಾಗವನ್ನೂ ಎರಡು ಅಂಚುಗಳನ್ನೂ ನೋಡಿ. ಮದುವೆಯ ವಿಡಿಯೊ ಕ್ಯಾಸೆಟ್‌ಗಳಲ್ಲಿ ಚಪ್ಪರದ ಕೆಳಗೆ ಓಡಾಡುವ ನಾಯಿ ಸಿಗುತ್ತದೆ, ಅದರ ನಡಿಗೆಯೂ ಸಿಗುತ್ತದೆ. ಕ್ಯಾಸೆಟ್‌ನ ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಮನೆಯ ಪ್ಲೇಯರಿಗೆ ಹಾಕಲೇಬೇಡಿ, ಟೇಪು ಸಿಕ್ಕಿಕೊಂಡು ಹರಿಯುತ್ತದೆ, ಪ್ಲೇಯರಿನ ಹೆಡ್ ಕೂಡ ಹಾಳಾಗುತ್ತದೆ.

ಆಲ್ಬಮ್‌ನಿಂದ ಫೋಟೊ ಬಿಡಿಸುವಾಗ ಹೆಚ್ಚು ನಷ್ಟವಾಗುವುದು ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಪೊರೆ ಇರುವ ಬಗೆಯಲ್ಲಿ. ವರ್ಷ ಕಳೆದಂತೆ ಅಂಟು ಹಳದಿಯಾಗಿ ಬಿಗಿಯುತ್ತದೆ. ಮೂಲೆ ಹಿಡಿದು ಎಳೆದರೆ ಫೋಟೊ ಬಿರುಕು ಬಿಡುತ್ತದೆ. ಮೇಣ ಹಚ್ಚದ ಹಲ್ಲಿನ ದಾರವನ್ನು ಮೂಲೆಯಿಂದ ಒಳಗೆ ತೂರಿಸಿ, ಗರಗಸ ಎಳೆದಂತೆ ನಿಧಾನಕ್ಕೆ ಎಳೆಯಿರಿ. ಬರದಿದ್ದರೆ ಬಿಟ್ಟುಬಿಡಿ, ಇಡೀ ಹಾಳೆಯನ್ನೇ ಸ್ಕ್ಯಾನ್ ಮಾಡಿ. ಗೋಡೆಯ ಮೇಲಿದ್ದ ಫೋಟೊ ತೇವಕ್ಕೆ ಗಾಜಿಗೆ ಅಂಟಿದ್ದರೆ ಅದಕ್ಕೂ ಇದೇ ಮಾತು: ಗಾಜಿನ ಸಮೇತ ಸ್ಕ್ಯಾನರಿನ ಮೇಲಿಡಿ, ಕೀಳಬೇಡಿ.

ಸ್ಕ್ಯಾನ್ ಮಾಡುವ ಅಂಗಡಿಗೆ ಹೋದಾಗ ಅಳತೆಯನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ 200 ಡಿಪಿಐನಲ್ಲಿ (ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಮುಗಿಸಿಬಿಡುತ್ತಾರೆ. ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟಿಗೆ 600 ಡಿಪಿಐ. ನಾಯಿ ಪುಟ್ಟದಾಗಿ ಮೂಲೆಯಲ್ಲಿದ್ದರೆ 1200. ಲೆಕ್ಕ ಹೀಗೆ: ಪ್ರಿಂಟಿನಲ್ಲಿ ನಾಯಿಯ ಮುಖ ಅರ್ಧ ಅಂಗುಲ ಇದ್ದರೆ 1200ರಲ್ಲಿ 600 ಪಿಕ್ಸೆಲ್ ಸಿಗುತ್ತದೆ. 300 ಡಿಪಿಐನಲ್ಲಿ ಮುದ್ರಿಸಿದರೆ ಎರಡು ಅಂಗುಲದ ಮುಖ. ಅದಕ್ಕಿಂತ ಹಿಗ್ಗಿಸಿದರೆ ಕಾಣುವುದು ಕಾಗದದ ಕಣಗಳೇ ಹೊರತು ನಾಯಿಯ ಮುಖವಲ್ಲ.

ನೆಗೆಟಿವ್ ಸಿಕ್ಕರೆ ಪ್ರಿಂಟನ್ನು ಪಕ್ಕಕ್ಕಿಡಿ. 35 ಮಿ.ಮೀ. ನೆಗೆಟಿವ್‌ಗೆ 3200 ಡಿಪಿಐ ಕೇಳಿ. ಎಷ್ಟೋ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್-3 ಕ್ಯಾಮೆರಾ 120 ಫಿಲ್ಮಿನಲ್ಲಿ 12 ಚೌಕ ಚಿತ್ರಗಳನ್ನು ತೆಗೆಯುತ್ತಿತ್ತು. ಆ ನೆಗೆಟಿವ್ ದೊಡ್ಡದು, 2400 ಡಿಪಿಐನಲ್ಲೇ ಗೋಡೆಗೆ ಹಾಕುವಷ್ಟು ವಿವರ ಬರುತ್ತದೆ. ಬಾಲ ಮಸುಕಾಗಿದ್ದರೆ ಅದನ್ನು ತಿದ್ದಿಸಬೇಡಿ. ನಿಧಾನದ ಷಟರ್ ಮುಂದೆ ನಾಯಿ ಬಾಲ ಅಲ್ಲಾಡಿಸಿದ ಗುರುತದು.

ಸ್ಕ್ಯಾನ್ ಆದದ್ದನ್ನು ವಿವರ ಕಳೆಯದ ಟಿಫ್ ರೂಪದಲ್ಲಿ ಒಂದು, ಹಂಚಲು ಜೆಪೆಗ್ ಒಂದು ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಈಗ ಕಪ್ಪು-ಬಿಳುಪಿಗೆ ತಾನೇ ಬಣ್ಣ ತುಂಬುವ, ಮಸುಕು ಮುಖವನ್ನು "ಸ್ಪಷ್ಟ" ಮಾಡುವ ಆ್ಯಪ್‌ಗಳು ಬಂದಿವೆ. ಅವು ನಿಮ್ಮ ನಾಯಿಯನ್ನು ಕಂಡವಲ್ಲ, ಊಹಿಸಿ ಬರೆಯುತ್ತವೆ. ಮಡಚಿದ ಕಿವಿ ನೆಟ್ಟಗಾಗುತ್ತದೆ, ಹುಲಿಪಟ್ಟೆ ಬರೀ ಕಂದಾಗುತ್ತದೆ. ಧೂಳಿನ ಚುಕ್ಕಿ, ಗೀರು ತೆಗೆಸಿ, ಅಷ್ಟಕ್ಕೇ ನಿಲ್ಲಿಸಿ.

ಸ್ಕ್ಯಾನರ್ ಸಿಗದಿದ್ದರೆ ಮೊಬೈಲ್ ಆದೀತು. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಫೋಟೊ ಮಲಗಿಸಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ತುಸು ಮೇಲೆತ್ತಿ 2ಎಕ್ಸ್‌ನಲ್ಲಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚು ಬಾಗುತ್ತದೆ.

ವರ್ಷ ಪತ್ತೆ ಮಾಡುವುದು

ಫೋಟೊದ ಹಿಂದೆ ನೋಡಿ. ಸ್ಟುಡಿಯೊ ಮುದ್ರೆಯಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ (ಮೈಸೂರಿನದು 570ರಿಂದ ಶುರು) ಅದು 15 ಆಗಸ್ಟ್ 1972ಕ್ಕಿಂತ ಹಿಂದಿನದಲ್ಲ. ಕರ್ನಾಟಕ ಎಂದಿದ್ದರೆ ಹೆಚ್ಚು ಕಡಿಮೆ 1 ನವೆಂಬರ್ 1973ರ ನಂತರದ್ದು. ಮುಂಬದಿಯಲ್ಲಿ ಗಾಡಿಗಳು ಸಾಕ್ಷಿ: ಬಜಾಜ್ ಚೇತಕ್ 1972ರಲ್ಲಿ, ಮಾರುತಿ 800 ಡಿಸೆಂಬರ್ 1983ರಲ್ಲಿ, ಹೀರೊ ಹೊಂಡ ಸಿಡಿ 100 1985ರಲ್ಲಿ ಬಂದವು. ಮೈಸೂರಿನ ಕೆಎ-09, ಮಂಡ್ಯದ ಕೆಎ-11 ನಂಬರ್ ಕಂಡರೆ 1989ಕ್ಕಿಂತ ಹಳೆಯದಾಗಿರಲಾರದು.

ಇವೆಲ್ಲ ಹೇಳುವುದು "ಇದಕ್ಕಿಂತ ಹಿಂದಿನದಲ್ಲ" ಎಂದಷ್ಟೇ. ಚೇತಕ್ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಯಾರಾದ ಗಾಡಿ. "ಇದಕ್ಕಿಂತ ಈಚಿನದಲ್ಲ" ಎಂಬ ಇನ್ನೊಂದು ತುದಿಗೆ ಮನೆಯ ಗುರುತು ಬೇಕು: ಫೋಟೊದಲ್ಲಿರುವ ತಾತ ತೀರಿಕೊಂಡ ವರ್ಷ, ಹಿತ್ತಲ ಹಲಸಿನ ಮರ ಕಡಿದ ವರ್ಷ. ಚಿಕ್ಕ ಮಗು ಇದ್ದರೆ ಕೆಲಸ ಹಗುರ, ಮಗುವಿನ ವಯಸ್ಸು ಒಂದು ವರ್ಷದ ಅಂತರಕ್ಕೆ ತಂದು ನಿಲ್ಲಿಸುತ್ತದೆ. ನಾಯಿಯ ಮುಖವೂ ಹೇಳುತ್ತದೆ: ಮೂತಿ ನರೆತಿದ್ದರೆ ಏಳೆಂಟು ವರ್ಷ ದಾಟಿದೆ ಎನ್ನಬಹುದು. ಇನ್ನು, ಪ್ರಿಂಟಿನ ಮೂಲೆಯಲ್ಲಿ ಕ್ಯಾಮೆರಾ ತಾನೇ ಒತ್ತಿದ ಕಿತ್ತಳೆ ಬಣ್ಣದ ತಾರೀಕನ್ನು ಪೂರ್ತಿ ನಂಬಬೇಡಿ. ಬ್ಯಾಟರಿ ಬದಲಿಸಿದ ಮೇಲೆ ತಾರೀಕು ಸರಿಪಡಿಸಿದವರು ಕಡಿಮೆ.

ಗೊತ್ತಾದದ್ದನ್ನು ಫೋಟೊದ ಹಿಂದೆ ಮೃದುವಾದ 4ಬಿ ಪೆನ್ಸಿಲ್‌ನಲ್ಲಿ, ಅಂಚಿನ ಬಳಿ, ಒತ್ತದೆ ಬರೆಯಿರಿ. ಬಾಲ್ ಪೆನ್ನು ಮುಂಬದಿಗೆ ಉಬ್ಬು ಮೂಡಿಸುತ್ತದೆ. ಹಿಂಬದಿ ನುಣುಪಾಗಿ ಪೆನ್ಸಿಲ್ ಹಿಡಿಯದಿದ್ದರೆ ಬೇರೆ ಕಾಗದದ ಲಕೋಟೆಯ ಮೇಲೆ ಬರೆದು ಫೋಟೊವನ್ನು ಅದರೊಳಗಿಡಿ.

ಕೊರಳಪಟ್ಟಿ, ಬಿಲ್ಲೆ, ಕಾರ್ಡು

ಚರ್ಮದ ಪಟ್ಟಿಗೆ ಎಣ್ಣೆ ಹಚ್ಚಬೇಡಿ, ಕೆಲವು ವರ್ಷದಲ್ಲಿ ಜಿಗುಟಾಗಿ ಬೂಷ್ಟು ಹಿಡಿಯುತ್ತದೆ. ಒಣ ಬ್ರಶ್‌ನಿಂದ ಧೂಳು ತೆಗೆದು, ಪಟ್ಟಿಯನ್ನು ಚಪ್ಪಟೆ ಮಾಡದೆ, ಕೊರಳಿನ ಸುತ್ತಿನಂತೆಯೇ ಒಳಗೆ ಒಗೆದ ಹತ್ತಿಬಟ್ಟೆ ತುಂಬಿ ಇಡಿ. ಹಿತ್ತಾಳೆಯ ಗೆಜ್ಜೆ, ಪುರಸಭೆಯ ಲೈಸೆನ್ಸ್ ಬಿಲ್ಲೆ ಇದ್ದರೆ ಹುಣಸೆಹಣ್ಣು ಹಾಕಿ ಉಜ್ಜುವ ಆಸೆಯನ್ನು ತಡೆಯಿರಿ. ಹೊಳಪು ಬರುತ್ತದೆ, ಸವೆದಿದ್ದ ಅಂಕಿ ಹೋಗುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಕಾರ್ಡು ಸಿಕ್ಕರೆ ಅದೇ ದೊಡ್ಡ ದಾಖಲೆ. ಹೆಸರು, ಬಣ್ಣ, ವಯಸ್ಸು, ತಾರೀಕು ಎಲ್ಲ ಒಂದೇ ಕಡೆ ಇರುತ್ತದೆ.

ಇವನ್ನೆಲ್ಲ ಅಟ್ಟದ ಮೇಲೂ ಬಚ್ಚಲ ಗೋಡೆಗೆ ತಾಗಿದ ಬೀರುವಿನಲ್ಲೂ ಇಡಬೇಡಿ. ಒಣ ಕೋಣೆಯ ಬೀರುವಿನ ನಡುವಿನ ಖಾನೆ ಸರಿ. ಪೆಟ್ಟಿಗೆಗೆ ತೇವ ಹೀರುವ ಸಿಲಿಕಾ ಜೆಲ್ 50 ಗ್ರಾಂ ಸಾಕು, ಮಳೆಗಾಲ ಮುಗಿದ ಮೇಲೆ ಬದಲಿಸಿ. ನುಸಿಗುಳಿಗೆಯ ಆವಿ ಫೋಟೊಗೆ ಒಳ್ಳೆಯದಲ್ಲ.

ಕಲ್ಲು, ಗಿಡ, ಎಡೆ

ಹೂತ ಜಾಗ ಗೊತ್ತಿದ್ದು, ಇನ್ನೂ ನಿಮ್ಮದೇ ಆಗಿದ್ದರೆ ಒಂದು ಕಲ್ಲು ನಿಲ್ಲಿಸಬಹುದು. ಗೊತ್ತಿಲ್ಲದಿದ್ದರೆ ಅಗೆದು ಹುಡುಕಬೇಡಿ, ಅದು ಮಲಗುತ್ತಿದ್ದ ಜಾಗವೇ ಸಾಕು. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಎರಡು ಅಂಗುಲ ದಪ್ಪದ ಗ್ರಾನೈಟ್ ಒಬ್ಬರೇ ಹುಷಾರಾಗಿ ಎತ್ತಬಹುದಾದ ತೂಕ. ನೆಲದಲ್ಲಿ ಮೂರನೇ ಒಂದು ಭಾಗ ಹೂಳಬೇಕು, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ವಾಲುತ್ತದೆ.

ಅಕ್ಷರದ್ದೇ ದೊಡ್ಡ ಎಚ್ಚರ. ಕನ್ನಡದ ಒತ್ತಕ್ಷರಕ್ಕೆ ಜಾಗ ಬೇಕು. ಮೂಲ ಅಕ್ಷರ ಒಂದು ಅಂಗುಲಕ್ಕಿಂತ ಚಿಕ್ಕದಾದರೆ ಒತ್ತು ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಮೊಬೈಲಿನಿಂದ ಕಳಿಸಿದ ಯೂನಿಕೋಡ್ ಬರಹ ಕೆತ್ತನೆ ಅಂಗಡಿಯ ನುಡಿ ಅಥವಾ ಬರಹ ಫಾಂಟಿಗೆ ಹೋದಾಗ ಅರ್ಕಾವತ್ತು ಜಾಗ ಬದಲಿಸುತ್ತದೆ, ಒತ್ತು ಬಿಡಿಬಿಡಿಯಾಗುತ್ತದೆ. ಪಿಡಿಎಫ್ ಕೊಡಿ. ಕೆತ್ತುವ ಮೊದಲು ಕಲ್ಲಿನಷ್ಟೇ ಅಳತೆಯ ಕಾಗದದ ಮೇಲೆ ಪ್ರಿಂಟ್ ತೆಗೆಸಿ ಇಬ್ಬರು ಓದಿ. ಬರಹ ನಾಲ್ಕು ಸಾಲು ಮೀರದಿರಲಿ: ಹೆಸರು, ಬಾಳಿದ ವರ್ಷಗಳು, ಗುರುತಿನ ಒಂದು ಸಂಗತಿ, ಊರು.

ಗಿಡ ನೆಡುವುದಾದರೆ ಜೂನ್-ಜುಲೈನಲ್ಲಿ, ಎರಡು ಅಡಿ ಉದ್ದ-ಅಗಲ-ಆಳದ ಗುಂಡಿಗೆ ಮೂರನೇ ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ. ಪಾರಿಜಾತ, ಸಂಪಿಗೆ, ಹೊಂಗೆ ನಮ್ಮ ಮಣ್ಣಿಗೆ ಒಗ್ಗುತ್ತವೆ. ನಾಲೆ ನೀರು ನಿಲ್ಲುವ ಕಡೆ ಸಂಪಿಗೆ ಬೇಡ, ಬೇರು ಕೊಳೆಯುತ್ತದೆ. ಕಣಗಿಲೆ ಎಲ್ಲೂ ಬೇಡ: ಅದರ ಎಲೆ ನಾಯಿಗೂ ಹಸುವಿಗೂ ವಿಷ.

ನೆನೆಯುವ ದಿನವನ್ನು ಕೆಲವರು ಪಿತೃಪಕ್ಷದಲ್ಲಿ ಹಿರಿಯರ ಎಡೆಯ ಜೊತೆಗೇ ಇಟ್ಟುಕೊಳ್ಳಬಹುದು. ನಾಯಿ ಭೈರವನ ವಾಹನ. ನಾಗಮಂಗಲ ತಾಲೂಕಿನ ಆದಿಚುಂಚನಗಿರಿಯ ಕಾಲಭೈರವೇಶ್ವರನ ಒಕ್ಕಲಾದ ಮನೆಗಳಿಗೆ ಇದು ಹೊಸ ಮಾತಲ್ಲ. ಅವತ್ತು ಬೀದಿಯ ನಾಯಿಗಳಿಗೆ ಊಟ ಹಾಕುವುದಾದರೆ ಎಲೆಯ ಊಟ ಹಾಗೇ ಸುರಿಯಬೇಡಿ. ಈರುಳ್ಳಿ-ಬೆಳ್ಳುಳ್ಳಿಯ ಸಾರು, ದ್ರಾಕ್ಷಿ ಹಾಕಿದ ಪಾಯಸ, ಬೆಂದ ಕೋಳಿಮೂಳೆ ಮೂರೂ ನಾಯಿಗೆ ಕೇಡು. ಉಪ್ಪು ಕಡಿಮೆ ಹಾಕಿದ ರಾಗಿಮುದ್ದೆ ಅಥವಾ ಅನ್ನಕ್ಕೆ ಮೊಸರು ಕಲಸಿ, ಪಕ್ಕದಲ್ಲಿ ನೀರಿಡಿ.

ನೋಡಿಕೊಳ್ಳುವವರು

ಆತಕೂರಿನವರು ಕಲ್ಲು ನಿಲ್ಲಿಸಿ ಮನೆಗೆ ಹೋಗಲಿಲ್ಲ. ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು, ಆ ಕಲ್ಲನ್ನು ಪೂಜಿಸದೆ ಗೊರವನು (ಅಲ್ಲಿನ ಶೈವ ಪೂಜಾರಿ) ಉಂಡರೆ ಪಾಪ ಎಂದು ಬರೆಸಿದರು. ನಿಮ್ಮ ನೋಟ್‌ಬುಕ್‌ನ ಮೊದಲ ಪುಟದಲ್ಲೂ ಒಬ್ಬರ ಹೆಸರಿರಲಿ, ಮನೆಯ ಕಿರಿಯರಲ್ಲಿ ನಾಯಿ ಕಂಡರೆ ಬಗ್ಗಿ ಮಾತಾಡಿಸುವ ಯಾರಾದರೂ. ಅವರ ಕೆಲಸ ಇಷ್ಟು: ಸ್ಕ್ಯಾನ್ ಮತ್ತು ಧ್ವನಿಯ ಪ್ರತಿಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಟ್ಟು, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿರಿಸುವುದು. ಪ್ರತಿ ಯುಗಾದಿಗೆ ಎರಡನ್ನೂ ತೆರೆದು ಹತ್ತು ಕಡತ ಓದುತ್ತವೆಯೇ ನೋಡುವುದು. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕ್‌ಗೆ ವರ್ಗಾಯಿಸುವುದು. ಕಡತದ ಹೆಸರನ್ನು 1984_ಮೊದಲನೇಟೈಗರ್_ಜಗುಲಿ_01 ಎಂಬ ಕ್ರಮದಲ್ಲೇ ಮುಂದುವರಿಸುವುದು, ವರ್ಷ ಅಂದಾಜಾದರೆ ಕೊನೆಗೆ "ಸುಮಾರು" ಎಂದು ಸೇರಿಸುವುದು. ಈಗ ಮನೆಯಲ್ಲಿರುವ ನಾಯಿಗೂ ನಾಲ್ಕು ಪುಟ ತೆಗೆದು, ಅದು ಬಂದ ದಿನ, ಕೊಟ್ಟವರ ಹೆಸರು, ಕರೆದರೆ ಓಡಿಬರುವ ಸದ್ದು ಇವನ್ನು ಇವತ್ತೇ ತುಂಬುವುದು.